ಬಣ್ಣಕ್ಕೊಂದು ಕಲ್ಲು

ಹೋದ ಸಂಚಿಕೆಯಲ್ಲಿ ಕಲ್ಲಚ್ಚಿನ ಚಿತ್ರಗಳ ಬಗ್ಗೆ ಬರೆದದ್ದು ಅರ್ಧ ಪುಟ. ಅದಕ್ಕೆ ಬಂದ ಕಾಗದಗಳನ್ನು ಹರಡಿದರೆ ಮೇಜೇ ಸಾಲದು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ನಿಮ್ಮಲ್ಲಿ ಕೆಲವರು ಲಿಥೋಗ್ರಾಫ್ ಎಂದು ಬರೆದಿದ್ದೀರಿ, ಕೆಲವರು ಲಿಥೋ ಎಂದು. ನನಗೆ ‘ಕಲ್ಲಚ್ಚು’ ಎಂಬ ಹಳೆಯ ಮಾತೇ ಹಿತ. ಕಲ್ಲೂ ಕಾಣುತ್ತದೆ, ಅಚ್ಚೂ ಕಾಣುತ್ತದೆ.

ಪ್ರಶ್ನೆ: ನಾವು ಮೂಲತಃ ತುಮಕೂರಿನವರು. ಒಂಬತ್ತು ವರ್ಷದಿಂದ ಜರ್ಮನಿಯ ಹ್ಯಾನೋವರ್‌ನಲ್ಲಿದ್ದೇವೆ. ಇಲ್ಲಿ ಲೈನೆ ನದಿಯ ದಂಡೆಯಲ್ಲಿ ಶನಿವಾರ ಹಳೆ ಸಾಮಾನಿನ ಸಂತೆ ನಡೆಯುತ್ತದೆ. ಅಲ್ಲಿ ಒಂದು ಬಣ್ಣದ ಚಿತ್ರ ಕೊಂಡೆ. ದಪ್ಪ ಹೆಂಗಸೊಬ್ಬಳು ಒಂದು ಕಾಲೆತ್ತಿ ಕುಣಿಯುತ್ತಿದ್ದಾಳೆ. ಹೊಟ್ಟೆಯ ಮೇಲೆ ಸೂರ್ಯ, ತೋಳಿನ ತುಂಬ ಪಟ್ಟೆ, ತೊಡೆಯ ಮೇಲೆ ಹೂವು, ಚುಕ್ಕಿ. ಪಕ್ಕದಲ್ಲಿ ಟೋಪಿ ಹಾಕಿಕೊಂಡ ಹಕ್ಕಿ, ನಗುವ ಹಾವು. ಅಂಚಿನ ಸುತ್ತ ಬಳ್ಳಿ. ಕೆಳಗೆ ಪೆನ್ಸಿಲಿನಲ್ಲಿ 34/75 ಎಂದಿದೆ, ಸಹಿ ಓದಲಾಗುವುದಿಲ್ಲ. ಮಾರಿದವನು ಲಿಥೋಗ್ರಾಫ್ ಎಂದ. ನಮ್ಮ ಯಜಮಾನರು, “ಇದು ಬರೀ ಪೋಸ್ಟರು. ಟೋಪಿ ಹಾಕಿರೋದು ಹಕ್ಕಿಗಲ್ಲ, ನಿನಗೆ” ಅನ್ನುತ್ತಾರೆ. ಸಂತೆಯ ಎದುರಿಗೇ ದೊಡ್ಡ ದೊಡ್ಡ ಬಣ್ಣದ ಗೊಂಬೆಗಳಿವೆಯಲ್ಲ, ಅವನ್ನು ಮಾಡಿದವರದ್ದೇ ಇರಬಹುದೇ?
— ಓದುಗಿ, ಹ್ಯಾನೋವರ್

ಉತ್ತರ: ಮಾರಿದವನು ಹೇಳಿದ್ದೂ ನಿಮ್ಮ ಯಜಮಾನರು ಹೇಳಿದ್ದೂ ಎರಡೂ ನಿಜವಾಗಿರಬಹುದು, ತೊಂದರೆ ಇರುವುದೇ ಅಲ್ಲಿ. ಇವತ್ತಿನ ದಿನಪತ್ರಿಕೆ, ಸಿನಿಮಾ ಪೋಸ್ಟರ್, ಕ್ಯಾಲೆಂಡರ್ ಎಲ್ಲ ಮುದ್ರಣವಾಗುವ ಆಫ್‌ಸೆಟ್ ಕೂಡ ಕಲ್ಲಚ್ಚಿನ ಮರಿಮಗುವೇ. ಎಣ್ಣೆ ನೀರು ಬೆರೆಯುವುದಿಲ್ಲ ಎಂಬ ಅದೇ ಗುಟ್ಟು. ಆದ್ದರಿಂದ ಯಂತ್ರದಲ್ಲಿ ಸಾವಿರಗಟ್ಟಲೆ ಹೊಡೆದ ಹಾಳೆಯನ್ನು ಲಿಥೋಗ್ರಾಫ್ ಎಂದು ಮಾರಿದವನು ಸುಳ್ಳು ಹೇಳಿದ ಎಂದು ಯಾವ ಕಟಕಟೆಯಲ್ಲೂ ಸಾಧಿಸಲಾಗದು. ನಾವು ಕೇಳಬೇಕಾದ್ದು ಬೇರೆ: ಕಲಾವಿದರ ಕೈ ಕಲ್ಲಿನ ಮೇಲೋ ತಗಡಿನ ಮೇಲೋ ಆಡಿದೆಯೇ, ಅಥವಾ ಮುಗಿದ ಚಿತ್ರದ ಫೋಟೋ ತೆಗೆದು ಅಚ್ಚು ಹಾಕಿದ್ದಾರೆಯೇ?

ಇದಕ್ಕೆ ಅಕ್ಕಸಾಲಿಗರು ಕಣ್ಣಿಗೆ ಹಿಡಿಯುವಂಥ ಹತ್ತು ಪಟ್ಟಿನ ಮಸೂರ ಒಂದಿದ್ದರೆ ಸಾಕು. ಎಲ್ಲರೂ ಮೊದಲು ಮುಖ ನೋಡುತ್ತಾರೆ, ಸಹಿ ನೋಡುತ್ತಾರೆ. ನೀವು ಅಲಂಕಾರ ನೋಡಿ. ಆ ಹೆಂಗಸಿನ ತೊಡೆಯ ಮೇಲಿನ ಚುಕ್ಕಿಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ಮಸೂರದಡಿ ಅದು ನೀಲಿ, ಗುಲಾಬಿ, ಹಳದಿ, ಕಪ್ಪು ಕಣಗಳು ಹೂವಿನಾಕಾರದಲ್ಲಿ ಸಾಲುಗಟ್ಟಿದ ಜಾಲವಾಗಿ ಒಡೆದು ಕಂಡರೆ ನಿಮ್ಮ ಯಜಮಾನರಿಗೆ ಒಂದು ಕಾಫಿ ಮಾಡಿಕೊಡಿ, ಅವರೇ ಗೆದ್ದರು. ಹಾಗಲ್ಲದೆ, ಕಿತ್ತಳೆ ಚುಕ್ಕಿ ಒಳಗೂ ಕಿತ್ತಳೆಯಾಗಿಯೇ ಇದ್ದು, ಅಂಚು ಕೊಂಚ ಅಂಕುಡೊಂಕಾಗಿ, ಸೀಮೆಸುಣ್ಣ ಉಜ್ಜಿದ ಹಾಗೆ ತರಿತರಿಯಾಗಿದ್ದರೆ ಅದು ಕೈಯ ಕೆಲಸ. ಪಕ್ಕದ ಚುಕ್ಕಿಯನ್ನೂ ನೋಡಿ. ಕೈಯಿಂದ ಇಟ್ಟ ಎರಡು ಚುಕ್ಕಿ ಒಂದೇ ಅಚ್ಚಿನಲ್ಲಿ ಇರುವುದಿಲ್ಲ.

ಎರಡು ಬಣ್ಣ ಒಂದರ ಮೇಲೊಂದು ಬಿದ್ದ ಜಾಗ ಇನ್ನೊಂದು ಸಾಕ್ಷಿ. ಹಳದಿಯ ಮೇಲೆ ನೀಲಿ ಹತ್ತಿ ಅಲ್ಲಿ ಮಾತ್ರ ಹಸಿರಾಗಿದ್ದರೆ, ಬಳ್ಳಿಯ ಅಂಚಿನಲ್ಲಿ ಕೂದಲೆಳೆಯಷ್ಟು ಹಳದಿ ಇಣುಕುತ್ತಿದ್ದರೆ, ಬೇರೆ ಬೇರೆ ಬಣ್ಣ ಬೇರೆ ಬೇರೆ ಸಲ ಕಾಗದಕ್ಕೆ ಇಳಿದಿದೆ ಎಂದಾಯಿತು.

ಇನ್ನು ಆ ಗೊಂಬೆಗಳ ವಿಚಾರ. ಅವು ನಿಕಿ ದ ಸಾಂ ಫಾಲ್ ಅವರವು. 1930ರಲ್ಲಿ ಪ್ಯಾರಿಸ್ಸಿನ ಮಗ್ಗುಲಲ್ಲಿ ಹುಟ್ಟಿ, 2002ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡ ಕಲಾವಿದೆ. ಬಣ್ಣದ ಚೀಲಗಳನ್ನು ಬಿಳಿಯ ಗಾರೆಯೊಳಗೆ ಹುದುಗಿಸಿ ಬಂದೂಕಿನಿಂದ ಹೊಡೆದು ಚಿತ್ರ ಮಾಡಿ ಹೆಸರಾದವರು. ಅಷ್ಟು ಸಿಟ್ಟು ತೀರಿಸಿಕೊಂಡ ಮೇಲೆ, 1965ರ ಸುಮಾರಿಗೆ, ಈ ಕುಣಿಯುವ ಹೆಂಗಸರು ಬಂದರು. ಫ್ರೆಂಚ್ ಆಡುಮಾತಿನಲ್ಲಿ ‘ನಾನಾ’ ಅಂದರೆ ಹುಡುಗಿ. ನಮ್ಮ ಕಿವಿಗೆ ಆ ಪದ ಬೇರೆಯೇ ಅರ್ಥ ಕೊಡುತ್ತದೆ, ಅವರ ಮೈಮೇಲಿನ ಬಣ್ಣ ನೋಡಿದರೆ ನಮ್ಮ ಅರ್ಥವೂ ಸಲ್ಲುತ್ತದೆ. 1974ರಲ್ಲಿ ನಿಮ್ಮ ಊರಿನ ನದಿದಂಡೆಗೆ ಆ ಮೂವರನ್ನು ತಂದು ನಿಲ್ಲಿಸಿದಾಗ ಜನ ಕೆಂಡಾಮಂಡಲವಾಗಿದ್ದರು. ಈಗ ಅವರಿಲ್ಲದ ಹ್ಯಾನೋವರ್‌ನ ಪಿಕ್ಚರ್ ಪೋಸ್ಟ್‌ಕಾರ್ಡೇ ಇಲ್ಲವೇನೋ.

ಆದರೆ ದಪ್ಪ ಹೆಂಗಸು, ಹಾವು, ಹಕ್ಕಿ ಮೂರೂ ಇದ್ದ ಮಾತ್ರಕ್ಕೆ ಅವರದ್ದೆನ್ನಬೇಡಿ. ಅವರ ದಾರಿ ಹಿಡಿದವರು ಯೂರೋಪಿನಲ್ಲಿ ಬೇಕಾದಷ್ಟು ಜನ. ಅವರದೇ ಅಚ್ಚಿನ ಚಿತ್ರಗಳಲ್ಲಿ ಸ್ಕ್ರೀನ್ ಪ್ರಿಂಟಿನವೂ ಬಹಳ. ನಮ್ಮ ಮದುವೆ ಕಾರ್ಡಿನ ಸ್ಕ್ರೀನ್ ಪ್ರಿಂಟ್ ನೆನಪಿದೆಯಲ್ಲ? ಶಾಯಿ ಕಾಗದದ ಮೇಲೆ ಪದರವಾಗಿ ಕೂತಿರುತ್ತದೆ, ಓರೆ ಬೆಳಕಿನಲ್ಲಿ ಆ ಉಬ್ಬು ಕಾಣುತ್ತದೆ. ಕಲ್ಲಚ್ಚಿನಲ್ಲಿ ಶಾಯಿ ಕಾಗದದೊಳಗೆ ಇಳಿದು ಸಮತಟ್ಟಾಗಿರುತ್ತದೆ. ನಿಮ್ಮದೇ ಊರಿನ ಸ್ಪ್ರೆಂಗೆಲ್ ಮ್ಯೂಸಿಯಮ್ಮಿಗೆ ನಿಕಿ 2000ದಲ್ಲಿ ತಮ್ಮ ನೂರಾರು ಕೃತಿಗಳನ್ನು ದಾನ ಕೊಟ್ಟಿದ್ದಾರೆ. ಅಲ್ಲಿ ಅವರ ಅಚ್ಚಿನ ಹಾಳೆಗಳನ್ನು ನೋಡಿ ಬನ್ನಿ, ಸಹಿಯನ್ನೂ ಹೋಲಿಸಿಕೊಳ್ಳಿ. ನಿಮ್ಮದು ಅವರದಲ್ಲ ಎಂದು ಗೊತ್ತಾದರೂ ಚಿತ್ರವನ್ನು ಗೋಡೆಯಿಂದ ಇಳಿಸಬೇಡಿ. ಟೋಪಿ ಹಾಕಿದ ಹಕ್ಕಿಯನ್ನು ನೆಚ್ಚಿಕೊಂಡು ತಂದಿರಿ. ಆ ಹಕ್ಕಿ ಹಾಗೇ ಇದೆ.

ಪ್ರಶ್ನೆ: ಛಾಪಿಸಿದ್ದನ್ನ ‘ಮೂಲ ಕೃತಿ’ ಅಂತ ಹೆಂಗ ಕರೀತೀರಿ? ಎಪ್ಪತ್ತೈದು ಮಂದಿ ಮನ್ಯಾಗ ಅದs ಚಿತ್ರ ಇದ್ದಮ್ಯಾಲೆ ಮೂಲ ಯಾವುದು? ಮತ್ತ ಒಂದ ಕಲ್ಲಿನ್ಯಾಗ ಅಷ್ಟೂ ಬಣ್ಣ ಹೆಂಗ ಬರ್ತಾವ?
— ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಗುರುಗಳೇ, ಎರಡನೇ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಅದು ತಿಳಿದರೆ ಮೊದಲನೆಯದು ತಾನೇ ಬಗೆಹರಿಯುತ್ತದೆ.

ಅಡುಗೆಮನೆಯ ಹಳೆಯ ಕಡಪಾ ಕಲ್ಲಿನ ಕಟ್ಟೆ ನೋಡಿ. ಎಲ್ಲೋ ಒಂದು ಕಡೆ ಒಗ್ಗರಣೆ ಎಣ್ಣೆ ಇಳಿದು ಕಲೆಯಾಗಿರುತ್ತದೆ. ಕಟ್ಟೆಯ ಮೇಲೆ ನೀರು ಚಿಮುಕಿಸಿದರೆ ಉಳಿದೆಡೆ ಹರಡಿಕೊಳ್ಳುತ್ತದೆ, ಕಲೆಯ ಮೇಲೆ ಮಾತ್ರ ಹನಿ ಕಟ್ಟಿ ಜಾರುತ್ತದೆ. ಕಲ್ಲಚ್ಚು ಇಷ್ಟೇ. 1796ರಿಂದ 98ರೊಳಗೆ ಮ್ಯೂನಿಕ್‌ನಲ್ಲಿ ಇದನ್ನು ಕಂಡುಹಿಡಿದ ಅಲೋಯಿಸ್ ಸೆನೆಫೆಲ್ಡರ್ ಚಿತ್ರಕಾರನೂ ಅಲ್ಲ, ವಿಜ್ಞಾನಿಯೂ ಅಲ್ಲ. ಬರೆದ ನಾಟಕಗಳನ್ನು ಅಚ್ಚು ಹಾಕಿಸಲು ದುಡ್ಡಿಲ್ಲದ ನಾಟಕಕಾರ. ಅಗಸರಿಗೆ ಕೊಡುವ ಬಟ್ಟೆಯ ಪಟ್ಟಿ ಬರೆಯಲು ಕೈಗೆ ಕಾಗದ ಸಿಗದೆ ಕಲ್ಲಿನ ಮೇಲೆ ಬರೆದನಂತೆ, ಅಲ್ಲಿಂದ ಶುರು.

ಕಲ್ಲು ಬವೇರಿಯಾದ ಸೋಲ್ನ್‌ಹೋಫೆನ್ ಎಂಬಲ್ಲಿಯದು. ನಮ್ಮ ಕಡಪಾ, ಶಹಾಬಾದ್ ಕಲ್ಲುಗಳ ಹಾಗೆ ಅದೂ ಸುಣ್ಣಕಲ್ಲೇ, ಆದರೆ ಬೆಣ್ಣೆಯಷ್ಟು ನಯ, ಒಂದೇ ಹದ. ಮೊದಲು ಎರಡು ಕಲ್ಲುಗಳ ನಡುವೆ ಮರಳಿನಂಥ ಪುಡಿ, ನೀರು ಹಾಕಿ ಗರಗರ ತಿಕ್ಕುತ್ತಾರೆ. ಮೇಲೆ ಜಿಡ್ಡಿನ ಬಳಪದಲ್ಲೋ ಜಿಡ್ಡಿನ ಶಾಯಿಯಲ್ಲೋ ಚಿತ್ರ ಬರೆಯುತ್ತಾರೆ, ಎಡ ಬಲ ಅದಲುಬದಲಾಗಿ. ಆಮೇಲೆ ಗೋಂದಿಗೆ ಕೆಲವೇ ಹನಿ ನೈಟ್ರಿಕ್ ಆಮ್ಲ ಬೆರೆಸಿ ಸವರುತ್ತಾರೆ. ನಮ್ಮ ಜಾಲಿಯ ಬಳಗದ ಮರದ್ದೇ ಗೋಂದು ಅದು. ಬಳಪ ಮುಟ್ಟದ ಕಡೆಯೆಲ್ಲ ಗೋಂದು ಕಲ್ಲನ್ನು ಕಚ್ಚಿಕೊಂಡು ನೀರು ಹಿಡಿಯುವ ಗುಣ ಕೊಡುತ್ತದೆ. ಮುಂದಿನ ಹೆಜ್ಜೆ ಮೊದಲ ಸಲ ನೋಡಿದವರ ಎದೆ ಧಸಕ್ಕೆನ್ನಿಸುತ್ತದೆ: ಟರ್ಪೆಂಟೈನ್ ಹಾಕಿ ಬರೆದ ಚಿತ್ರವನ್ನೆಲ್ಲ ಒರೆಸಿಬಿಡುತ್ತಾರೆ. ಕಲ್ಲು ಬೋಳು. ಸ್ಪಂಜಿನಿಂದ ನೀರು ಸವರಿ ಶಾಯಿಯ ರೋಲರ್ ಉರುಳಿಸುತ್ತಾರೆ. ಎರಡು ಸಲ, ಮೂರು ಸಲ. ಹೋಗಿದ್ದ ಚಿತ್ರ ಮೆಲ್ಲಗೆ ಎದ್ದು ಬರುತ್ತದೆ. ಕಲಿಯುವ ದಿನಗಳಲ್ಲಿ ಮಾತಾಡುತ್ತಾ ಸ್ಪಂಜು ಮರೆತು ರೋಲರ್ ಎಳೆದು ಇಡೀ ಕಲ್ಲನ್ನು ಕಪ್ಪು ಹಂಚಿನ ಹಾಗೆ ಮಾಡಿದ್ದೇನೆ. ಮೂರು ದಿನದ ಕೆಲಸ, ಒಂದು ಉರುಳಿಗೆ.

ಇದು ಒಂದು ಬಣ್ಣದ ಕಥೆ. ಹಳದಿಗೆ ಒಂದು ಕಲ್ಲು, ಕೆಂಪಿಗೆ ಇನ್ನೊಂದು, ನೀಲಿಗೆ ಮತ್ತೊಂದು. ಪ್ರತಿ ಕಲ್ಲಿನ ಮೇಲೂ ಆ ಬಣ್ಣ ಎಲ್ಲೆಲ್ಲಿ ಬೇಕೋ ಅಲ್ಲಲ್ಲಿಗೆ ಮಾತ್ರ ಹೊಸದಾಗಿ ಚಿತ್ರ. ಕಲ್ಲಿನ ಮೇಲೆ ಎಲ್ಲವೂ ಕಪ್ಪಾಗಿಯೇ ಕಾಣುವುದರಿಂದ ಬಣ್ಣವನ್ನು ತಲೆಯೊಳಗೇ ನೋಡಿಕೊಂಡು ಬರೆಯಬೇಕು. ಆರು ಬಣ್ಣ, ಎಪ್ಪತ್ತೈದು ಹಾಳೆ ಅಂದರೆ 450 ಸಲ ಅಚ್ಚು ಎಳೆಯಬೇಕು, ಕೆಟ್ಟುಹೋಗುವ ಹಾಳೆಗಳ ಲೆಕ್ಕ ಬೇರೆ. ಪ್ರತಿ ಸಲವೂ ಹಾಳೆ ಕೂದಲೆಳೆ ಅಲುಗದಂತೆ ಹಿಂದಿನ ಗುರುತಿನ ಮೇಲೇ ಕೂರಬೇಕು. ಈಚೆಗೆ ಕಲ್ಲಿನ ಬದಲು ಅಲ್ಯೂಮಿನಿಯಂ ತಗಡನ್ನೂ ಬಳಸುತ್ತಾರೆ, ಎತ್ತಿ ಇಡುವವರ ಸೊಂಟ ಉಳಿಯಲಿ ಎಂದು. ಕೆಲಸದ ಬಗೆ ಅದೇ.

ಎಲ್ಲ ಮುಗಿದ ಮೇಲೆ ಕಲ್ಲನ್ನು ಮತ್ತೆ ತಿಕ್ಕಿ ಚಿತ್ರ ಅಳಿಸುತ್ತಾರೆ. ಈಗ ಹೇಳಿ, ಮೂಲ ಎಲ್ಲಿದೆ? ಇಡೀ ಚಿತ್ರ ಎಲ್ಲ ಬಣ್ಣದೊಡನೆ ಕಾಗದದ ಮೇಲಲ್ಲದೆ ಬೇರೆಲ್ಲೂ ಯಾವತ್ತೂ ಇರಲೇ ಇಲ್ಲ. ಯಾವುದನ್ನೋ ನೋಡಿ ಮಾಡಿದ ನಕಲಲ್ಲ ಅದು. ಎಪ್ಪತ್ತೈದಕ್ಕೆ ಎಪ್ಪತ್ತೈದೂ ಮೂಲ. ಎರೆದ ಮೊದಲ ದೋಸೆಗೂ ಹತ್ತನೆಯದಕ್ಕೂ ಹಿಟ್ಟು ಒಂದೇ ಅಲ್ಲವೇ? ಯಾವ ದೋಸೆ ಮೂಲ ಎಂದು ಯಾರೂ ಕೇಳುವುದಿಲ್ಲ.

ಪ್ರಶ್ನೆ: 34/75 ಇದ್ದದ್ದಕ್ಕಿಂತ 3/75 ಇದ್ದದ್ದು ಹೆಚ್ಚು ಬೆಲೆಯದೇ? ನಮ್ಮ ಹತ್ತಿರ ಇರುವುದರಲ್ಲಿ ಸಂಖ್ಯೆಯೇ ಇಲ್ಲ, ‘ಇ.ಎ.’ ಎಂದಿದೆ.
— ಓದುಗರು, ವಿಜಯಪುರ

ಉತ್ತರ: ಇಲ್ಲ. ಒಣಗಿದ ಹಾಳೆಗಳನ್ನು ಒಟ್ಟು ಮಾಡಿ ಸಹಿ ಹಾಕುವಾಗ ಕೈಗೆ ಸಿಕ್ಕ ಕ್ರಮದಲ್ಲಿ ಸಂಖ್ಯೆ ಬೀಳುತ್ತದೆ, ಮೂರನೆಯದು ಮೂರನೆಯದಾಗಿ ಅಚ್ಚಾಗಿರಬೇಕೆಂದಿಲ್ಲ. ‘ಇ.ಎ.’ ಎಂದರೆ ಕಲಾವಿದರು ತಮಗೆಂದು ತೆಗೆದಿಟ್ಟ ಪ್ರತಿ. ಒಟ್ಟು ಸಂಖ್ಯೆ ಚಿಕ್ಕದಿದ್ದಷ್ಟೂ ಮೇಲು ಎಂಬುದು ಕೂಡ ವ್ಯಾಪಾರಿಗಳ ಲೆಕ್ಕ. ವಿಯೆನ್ನಾದ ಕಲಾವಿದ ಹುಂಡರ್ಟ್‌ವಾಸರ್ 1980ರ ದಶಕದಲ್ಲಿ ಒಂದು ಸ್ಕ್ರೀನ್ ಪ್ರಿಂಟಿನ 10,002 ಹಾಳೆ ತೆಗೆಸಿ, ಒಂದರಂತೆ ಇನ್ನೊಂದು ಇರದ ಹಾಗೆ ಬಣ್ಣ ಬದಲಿಸಿದರು. ವಿರಳವೂ ಆಗಬೇಕು, ಎಲ್ಲರ ಕೈಗೂ ಎಟುಕಬೇಕು ಎಂಬ ಹಟ. ಇನ್ನೊಂದು ಮಾತು: ಪೆನ್ಸಿಲಿನ ಸಹಿಗೆ ತಲೆಬಾಗಬೇಡಿ. ಸಾಲ್ವಡಾರ್ ಡಾಲಿ ಖಾಲಿ ಹಾಳೆಗಳಿಗೇ ಸಾವಿರಗಟ್ಟಲೆ ಸಹಿ ಹಾಕಿಕೊಟ್ಟಿದ್ದು ಜಗಜ್ಜಾಹೀರು. ಸಹಿ ಅಸಲಿ, ಚಿತ್ರ ಯಾರದ್ದೋ.

ಪ್ರಶ್ನೆ: ನನ್ನ ಮಗ ಚಿತ್ರಕಲಾ ಶಾಲೆಯಲ್ಲಿ ಓದುತ್ತಿದ್ದಾನೆ. ಅವನ ಅಚ್ಚಿನ ಕೆಲಸದಲ್ಲಿ ಮೀಸೆ ತಿರುವುವ ಬೆಕ್ಕು, ಛತ್ರಿ ಹಿಡಿದ ಮೀನು ಇಂಥವು ಇರುತ್ತವೆ. ಸುತ್ತ ತುಂಬ ಹೂವು, ಬಳ್ಳಿ, ಎಳೆ. ನನಗಂತೂ ನೋಡಿದಷ್ಟೂ ಖುಷಿ. ಆದರೆ ತರಗತಿಯಲ್ಲಿ ಅವನ ಕೆಲಸವನ್ನು ‘ಡೆಕೊರೇಟಿವ್’ ಎಂದರಂತೆ. ಹೊಗಳಿಕೆ ಅಂದುಕೊಂಡೆ. ಅವನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅದೇನು ಬೈಗುಳವೇ? ನಮ್ಮ ಕಡೆ ಹಸೆಗೋಡೆ ಚಿತ್ತಾರ ಬರೆಯುವವರನ್ನು ಯಾರೂ ಹಾಗೆ ಹೀಯಾಳಿಸಿದ್ದು ಕೇಳಿಲ್ಲ.
— ಓದುಗಿ, ಸಾಗರ

ಉತ್ತರ: ಬೈಗುಳವೇ ತಾಯಿ, ಅದರಲ್ಲೂ ಬಹಳ ಓದಿಕೊಂಡವರ ಬೈಗುಳ. ಅದಕ್ಕೆ ನೂರು ವರ್ಷ ಮೀರಿದ ಇತಿಹಾಸವಿದೆ. ವಿಯೆನ್ನಾದ ವಾಸ್ತುಶಿಲ್ಪಿ ಅಡಾಲ್ಫ್ ಲೋಸ್ ಅಲಂಕಾರವನ್ನು ಅಪರಾಧದ ಪಕ್ಕ ಕೂರಿಸಿ ಒಂದು ಉಪನ್ಯಾಸ ಕೊಟ್ಟ. ಪದಾರ್ಥದ ಮೇಲೆ ಹೂ ಬಿಡಿಸುವುದು ಶ್ರಮದ ಪೋಲು, ನಾಗರಿಕತೆ ಬೆಳೆದಂತೆ ಅದು ಉದುರಿಹೋಗಬೇಕು ಎಂಬುದು ಅವನ ವಾದ. ಆ ಕಾಲದಲ್ಲಿ ಅದಕ್ಕೆ ಕಾರಣವೂ ಇತ್ತು. ಕಾರ್ಖಾನೆಗಳು ಅಗ್ಗದ ಸಾಮಾನಿನ ಹುಳುಕು ಮುಚ್ಚಲು ಅದರ ಮೇಲೆ ಹೂ ಬಳ್ಳಿ ಒತ್ತುತ್ತಿದ್ದವು. ಆದರೆ ಔಷಧಿ ರೋಗಕ್ಕಿಂತ ಜೋರಾಯಿತು. ಒಂದು ಇಡೀ ಶತಮಾನ ಚಿತ್ರಶಾಲೆಗಳಲ್ಲಿ ಬಳ್ಳಿ ಬರೆದವರು ತಲೆ ತಗ್ಗಿಸಿ ಕೂತರು.

ಅದೇ ವಿಯೆನ್ನಾದಲ್ಲಿ ಹುಟ್ಟಿದ ಹುಂಡರ್ಟ್‌ವಾಸರ್ 1968ರಲ್ಲಿ ಲೋಸ್‌ನಿಂದ ಬಿಡುಗಡೆ ಎಂಬರ್ಥದ ತಲೆಬರಹವಿಟ್ಟು ಒಂದು ಘೋಷಣೆಯನ್ನೇ ಹೊರಡಿಸಿದರು. 1970ರ ದಶಕದ ನಡುವಿನಲ್ಲಿ ಅಮೆರಿಕದಲ್ಲಿ ಮಿರಿಯಮ್ ಶಪೀರೋ, ಜಾಯ್ಸ್ ಕಾಜ್ಲಾಫ್, ರಾಬರ್ಟ್ ಕುಶ್ನರ್, ವ್ಯಾಲರಿ ಜೋಡನ್ ಮೊದಲಾದವರು ‘ಪ್ಯಾಟರ್ನ್ ಅಂಡ್ ಡೆಕೊರೇಶನ್’ ಎಂದು ಆ ಬೈಗುಳವನ್ನೇ ಬಾವುಟ ಮಾಡಿಕೊಂಡರು. ಕಾಜ್ಲಾಫ್ ಮತ್ತು ಜೋಡನ್ 1978ರಲ್ಲಿ ಬರೆದ ಪ್ರಬಂಧದಲ್ಲಿ ಕಲಾಚರಿತ್ರೆಯ ಪುಸ್ತಕಗಳನ್ನು ಜಾಲಾಡಿ, ಅಲಂಕಾರವನ್ನು ಕೀಳು ಎಂದವರು ಅದರ ಜೊತೆಗೇ ಯಾರನ್ನು ಕೀಳು ಎಂದಿದ್ದಾರೆ ಎಂದು ತೋರಿಸಿದರು. ಹೆಂಗಸರನ್ನು, ಪೂರ್ವದ ದೇಶಗಳವರನ್ನು. ನಿಮ್ಮ ಮಗನಿಗೆ ಇದನ್ನು ಹೇಳಿ, ಒಂದು ತುತ್ತು ಹೆಚ್ಚಿಗೆ ಉಂಡಾನು.

ಕಲ್ಲಚ್ಚಿನ ಮಟ್ಟಿಗಂತೂ ಆ ಮಾತು ಇನ್ನೂ ಅನ್ಯಾಯ. ಬಣ್ಣದ ಕಲ್ಲಚ್ಚು ಬೆಳೆದದ್ದೇ ಅಲಂಕಾರವನ್ನು ಹೊತ್ತುಕೊಂಡು. 1856ರಲ್ಲಿ ಲಂಡನ್ನಿನ ಓವನ್ ಜೋನ್ಸ್ ಲೋಕದ ಅಲಂಕಾರಗಳನ್ನೆಲ್ಲ ಕಲೆಹಾಕಿ, ನೂರು ಬಣ್ಣದ ಫಲಕಗಳ ಒಂದು ಮಹಾಪುಸ್ತಕ ತಂದಾಗ ಅಷ್ಟೂ ಅಚ್ಚಾದದ್ದು ಕಲ್ಲಿನ ಮೇಲೆ. ಭಾರತದ ಬಟ್ಟೆ, ಪಾತ್ರೆಗಳ ಅಲಂಕಾರವೂ ಅದರಲ್ಲಿದೆ. ಪ್ಯಾರಿಸ್ಸಿನಲ್ಲಿ ಶೇರೆ, ಮೂಖಾ ಇವರ ಭಿತ್ತಿಪತ್ರಗಳ ಬಳ್ಳಿ, ಬಳುಕು, ಹೂವಿನ ಪ್ರಭಾವಳಿ ಎಲ್ಲ ಕಲ್ಲಿನಿಂದಲೇ ಎದ್ದವು.

ಇನ್ನೊಂದು ಒಳಗುಟ್ಟಿದೆ. ಅಲಂಕಾರ ಕಲ್ಲಚ್ಚಿನಲ್ಲಿ ಖಾಲಿ ಜಾಗ ತುಂಬುವ ಕೂಲಿಯಾಳಲ್ಲ, ಮನೆ ನಿಲ್ಲಿಸುವ ಕಂಬ. ಆರು ಕಲ್ಲುಗಳು ಆರು ದಿಕ್ಕಿಗೆ ಎಳೆಯುತ್ತಿರುತ್ತವೆ. ಒಂದು ದೊಡ್ಡ ಬಣ್ಣದ ಬಯಲಿಗೆ ಇನ್ನೊಂದು ಬಯಲು ತಾಗಿದರೆ ಒಂದು ನೂಲು ತಪ್ಪಿದರೂ ಬಿಳಿಯ ಬಿರುಕು ಬಿದ್ದು ಕಣ್ಣಿಗೆ ಹೊಡೆಯುತ್ತದೆ. ಅದೇ ಜಾಗದಲ್ಲಿ ಚುಕ್ಕಿ, ಪಟ್ಟೆ, ಎಲೆಯ ಸಾಲು ಇದ್ದರೆ ತಪ್ಪೂ ಕುಣಿತದೊಳಗೆ ಸೇರಿಹೋಗುತ್ತದೆ. ನಾಲ್ಕೇ ಶಾಯಿಯಲ್ಲಿ ಹತ್ತು ಬಣ್ಣ ತೋರಿಸುವುದೂ ಆ ಎಳೆಗಳ ಹೆಣಿಗೆಯೇ. ಛತ್ರಿ ಹಿಡಿದ ಮೀನನ್ನು ಒಂದು ಮಧ್ಯಾಹ್ನದಲ್ಲಿ ಬರೆಯಬಹುದು. ಅದರ ಸುತ್ತಲ ನೀರಿನ ಸುರುಳಿಗಳನ್ನು ಹಳದಿ ಕಲ್ಲಿಗೆ ಎಷ್ಟು, ನೀಲಿಗೆ ಎಷ್ಟು, ಎಲ್ಲಿ ಬರೀ ಕಾಗದವನ್ನು ಬಿಡಬೇಕು ಎಂದು ಹಂಚುವುದಿದೆಯಲ್ಲ, ವಿದ್ಯೆ ಇರುವುದು ಅಲ್ಲಿ.

ಹಾಗೆಂದು ಅವನ ತರಗತಿಯವರು ಪೂರ್ತಿ ತಪ್ಪು ಎನ್ನಲಾರೆ. ಅಲಂಕಾರ ಒಣಗಿದ್ದೂ ಇರುತ್ತದೆ. ಪಾತ್ರಗಳು ಒಂದು ಕಡೆ, ಹೂವು ಇನ್ನೊಂದು ಕಡೆ, ಒಂದಕ್ಕೊಂದು ಸಂಬಂಧವೇ ಇಲ್ಲದೆ ಕ್ಯಾಲೆಂಡರಿನ ಅಂಚಿನಂತೆ ಕೂತಿದ್ದರೆ ಟೀಕೆ ಸರಿ. ಬೆಕ್ಕಿನ ಮೀಸೆಯೇ ಬಳ್ಳಿಯಾಗಿ ಹಬ್ಬಿದೆಯೇ, ಮೀನಿನ ಪೊರೆಯೇ ಅಂಚಿನ ನಕ್ಷೆಯಾಗಿದೆಯೇ ನೋಡಲಿ. ಚಿತ್ತಾರದ ಹೋಲಿಕೆಯನ್ನು ಮಾತ್ರ ಬಿಟ್ಟುಬಿಡಿ. ಅದಕ್ಕೆ ಮದುವೆಯೆಂಬ ಸಂದರ್ಭವಿದೆ, ಬರೆಯುವ ಕಟ್ಟಳೆಯಿದೆ. ಇವನ ಬೆಕ್ಕಿಗೆ ಅಂಥ ಹಂಗು ಯಾವುದೂ ಇಲ್ಲ, ಅದರ ಸ್ವಾರಸ್ಯವೂ ಅದೇ.

ಪ್ರಶ್ನೆ: ಮಗಳು ಪ್ಯಾರಿಸ್ಸಿನಿಂದ ಒಂದು ಬಣ್ಣದ ಲಿಥೋ ತಂದುಕೊಟ್ಟಿದ್ದಾಳೆ. ನಮ್ಮಲ್ಲಿ ಮಳೆಗಾಲ ಅಂದ್ರೆ ಗೊತ್ತುಂಟಲ್ಲ, ಚಪ್ಪಲಿಗೂ ಬೂಸ್ಟು ಬರ್ತದೆ. ಕಟ್ಟು ಹಾಕುವವ ಲ್ಯಾಮಿನೇಶನ್ ಮಾಡಿ ಪ್ಲೈವುಡ್ಡಿಗೆ ಅಂಟಿಸಿ ಕೊಡ್ತೇನೆ, ನೂರು ವರ್ಷ ಏನೂ ಆಗುದಿಲ್ಲ ಅಂತಾನೆ. ಮಾಡಿಸುದಾ?
— ಓದುಗರು, ಮಂಗಳೂರು

ಉತ್ತರ: ಖಂಡಿತ ಬೇಡ ಮಾರಾಯ್ರೆ! ಲ್ಯಾಮಿನೇಶನ್ ಮಾಡಿಸಿದ ದಿನವೇ ಅದು ಅಚ್ಚಿನ ಚಿತ್ರವಾಗಿ ಉಳಿಯುವುದಿಲ್ಲ, ಬಿಡಿಸಿ ತೆಗೆಯುವ ದಾರಿಯೂ ಇಲ್ಲ. ಪ್ಲೈವುಡ್ಡಿನ ಆಮ್ಲ ಕಾಗದವನ್ನು ಕಂದು ಮಾಡುತ್ತದೆ.

ಆಮ್ಲರಹಿತ ಹತ್ತಿ ರಟ್ಟು ಕೇಳಿ ತರಿಸಿ. ಚಿತ್ರವನ್ನು ರಟ್ಟಿಗೆ ಅಂಟಿಸಕೂಡದು. ಮೇಲಂಚಿನಲ್ಲಿ ಮಾತ್ರ ಎರಡು ಸಣ್ಣ ಜಪಾನೀ ಕಾಗದದ ಪಟ್ಟಿಯಿಂದ ತೂಗು ಹಾಕಬೇಕು, ಅಂಟು ಗೋಧಿ ಗಂಜಿಯದ್ದು. ಕಾಗದ ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಅದಕ್ಕೆ ಉಸಿರಾಡಲು ಎಡೆ ಬೇಕು. ಗಾಜು ಚಿತ್ರಕ್ಕೆ ತಾಗದಂತೆ ನಡುವೆ ರಟ್ಟಿನ ಕಿಟಕಿ ಇರಲಿ. ಅಂಚಿನ ಬಿಳಿ ಕಾಗದ ‘ಹೆಚ್ಚಾಯ್ತು’ ಎಂದು ಕತ್ತರಿಸಲು ಹೊರಟರೆ ಕತ್ತರಿ ಕಿತ್ತುಕೊಳ್ಳಿ. ಸಂಖ್ಯೆ, ಸಹಿ, ಅಚ್ಚುಮನೆಯ ಒತ್ತುಮುದ್ರೆ ಎಲ್ಲ ಇರುವುದು ಅಲ್ಲೇ. ಹೊರಗೋಡೆಯ ಮೇಲೆ ತೂಗುಹಾಕಬೇಡಿ. ಒಳಗೋಡೆಯಾದರೂ ಹಿಂದೆ ನಾಲ್ಕು ಬಿರಡೆ ಚೂರು ಅಂಟಿಸಿ ಗಾಳಿಗೆ ದಾರಿ ಬಿಡಿ. ಬಿಸಿಲಂತೂ ಬೇಡವೇ ಬೇಡ. ಮೊದಲು ಮಾಸುವುದು ಸಾಮಾನ್ಯವಾಗಿ ಗುಲಾಬಿ, ನೇರಳೆ. ಹೆಂಗಸಿನ ಸೀರೆ ಹೋಗಿ ಗೆರೆಗಳಷ್ಟೇ ಉಳಿದ ಚಿತ್ರಗಳನ್ನು ಕಂಡಿದ್ದೇನೆ.

ನಿಮ್ಮ ಊರಿನ ಬೂಸ್ಟನ್ನು ಹಳಿಯುವ ಮುಂಚೆ ಇದೂ ನೆನಪಿರಲಿ. ಬಾಸೆಲ್ ಮಿಷನ್ನಿನವರು 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಇಟ್ಟದ್ದು ಮಂಗಳೂರಲ್ಲೇ. 1843ರ ಜುಲೈ 1ರಂದು ಹೆರ್ಮನ್ ಮ್ಯೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’, ಕನ್ನಡದ ಮೊದಲ ಪತ್ರಿಕೆ, ಅಚ್ಚಾದದ್ದು ಕಲ್ಲಿನ ಮೇಲೆ. ಅದೂ ಆಟಿಗೆ ಮುಂಚಿನ ಜಡಿಮಳೆಯಲ್ಲಿ.

ಪ್ರಶ್ನೆ: ಅಜ್ಜಿಯ ಮನೆಯಲ್ಲಿ ರವಿವರ್ಮನ ಲಕ್ಷ್ಮಿಯ ಚಿತ್ರ ಇದೆ. ಸೀರೆಯ ಮೇಲೆ ನಿಜವಾದ ಜರಿ, ಚಮಕಿ, ಮಣಿ ಹೊಲಿದಿದ್ದಾರೆ. ಇದೂ ಕಲ್ಲಚ್ಚೇ? ಜರಿ ತೆಗೆಸಿದರೆ ‘ಒರಿಜಿನಲ್’ ಆಗುತ್ತದೆ ಎಂದರು ಒಬ್ಬರು.
— ಓದುಗರು, ಮೈಸೂರು

ಉತ್ತರ: ಕಲ್ಲಚ್ಚೇ ಇರಬೇಕು. ರವಿವರ್ಮನ ಮುದ್ರಣಾಲಯ 1894ರಲ್ಲಿ ಮುಂಬಯಿಯಲ್ಲಿ ಶುರುವಾಗಿ ಮುಂದೆ ಲೋಣಾವಳದ ಹತ್ತಿರದ ಮಳವಲಿಗೆ ಹೋಯಿತು. ಜರ್ಮನ್ ಯಂತ್ರ, ಜರ್ಮನ್ ಕಸಬುದಾರರು. ಆದರೆ ಇದಕ್ಕೂ ಮೇಲಿನ ಕಲ್ಲಚ್ಚುಗಳಿಗೂ ಒಂದು ವ್ಯತ್ಯಾಸ: ಇಲ್ಲಿ ತೈಲಚಿತ್ರ ಮೊದಲೇ ಇತ್ತು, ಅದನ್ನು ನೋಡಿ ಕಸಬುದಾರರು ಕಲ್ಲುಗಳ ಮೇಲೆ ಬಿಡಿಸಿದರು. ಧಾರವಾಡದ ಗುರುಗಳು ಇದನ್ನು ನಕಲು ಎಂದರೆ ವಾದಿಸಲಾರೆ.

ಜರಿ ತೆಗೆಸಬೇಡಿ. ತೆಗೆದರೆ ಸೂಜಿಯ ತೂತುಗಳಷ್ಟೇ ಉಳಿಯುತ್ತವೆ. ಸಾವಿರಾರು ಮನೆಗೆ ಹೋದ ಒಂದೇ ಲಕ್ಷ್ಮಿಯನ್ನು ನಿಮ್ಮ ಅಜ್ಜಿಯೋ ಅವರ ಅತ್ತೆಯೋ ದೀಪದ ಬೆಳಕಿನಲ್ಲಿ ಕೂತು ಬೇರೆ ಮಾಡಿದ್ದಾರೆ. ಆ ಚಿತ್ರದಲ್ಲಿ ಅಚ್ಚು ಯಂತ್ರದ್ದು, ಮೂಲ ಅಜ್ಜಿಯದು.

ಪ್ರಶ್ನೆ: ವಾಟ್ಸ್ಆ್ಯಪ್‌ನಲ್ಲಿ ಫೋಟೋ ಕಳಿಸಿದ್ದೇನೆ. ಬೆಲೆ ಎಷ್ಟಾಗುತ್ತದೆ?
— ಓದುಗರು, ಬೆಂಗಳೂರು

ಉತ್ತರ: ಹಸುವಿನ ಫೋಟೋ ನೋಡಿ ಹಾಲಿನ ಲೆಕ್ಕ ಹೇಳಲಾರೆ.

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕಿ. ಮಕ್ಕಳಿಗೆ ನಿಮ್ಮ ಅರ್ಧ ಪುಟ ಓದಿ ಹೇಳಿದೆ. “ಮಿಸ್, ನಾವೂ ಮಾಡೋಣ” ಅಂತಿದ್ದಾರೆ. ಕಲ್ಲೂ ಇಲ್ಲ, ಯಂತ್ರವೂ ಇಲ್ಲ.
— ಶಿಕ್ಷಕಿ, ಅರಸೀಕೆರೆ

ಉತ್ತರ: ಎರಡೂ ಬೇಡ. ಫ್ರಾನ್ಸಿನ ಎಮಿಲಿ ಐಜಿಯೇ ಎಂಬ ಕಲಾವಿದೆ ಅಡುಗೆಮನೆಯ ಸಾಮಾನಿನಲ್ಲೇ ಕಲ್ಲಚ್ಚು ತೆಗೆಯುವ ಉಪಾಯ ಕಂಡುಕೊಂಡಿದ್ದಾರೆ. ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆಯನ್ನು ಗಟ್ಟಿ ಪ್ಲಾಸ್ಟಿಕ್ಕಿಗೆ ಸುಕ್ಕಿಲ್ಲದೆ ಸುತ್ತಿ, ಹೊಳಪಿಲ್ಲದ ಮೈ ಹೊರಗೆ ಬರಲಿ. ಬೆರಳು ತಾಗಿಸಬೇಡಿ, ಬೆರಳಿನ ಜಿಡ್ಡೂ ಅಚ್ಚಾಗುತ್ತದೆ. ಎಣ್ಣೆ ಬಳಪದಲ್ಲೋ ಬಟ್ಟೆ ಸೋಪಿನ ತುಂಡಿನಲ್ಲೋ ಚಿತ್ರ ಬರೆಸಿ. ಮೇಲೆ ಕೋಲಾ ಪಾನೀಯ ಸುರಿಯಿರಿ. ಅದರಲ್ಲಿರುವ ಫಾಸ್ಫಾರಿಕ್ ಆಮ್ಲ ಕಲ್ಲಚ್ಚಿನ ಆಮ್ಲದ ಕೆಲಸ ಮಾಡುತ್ತದೆ. ತೊಳೆದು, ಅಡುಗೆ ಎಣ್ಣೆಯಿಂದ ಬಳಪವನ್ನು ಒರೆಸಿ ತೆಗೆಯಿರಿ. ಮಕ್ಕಳು ‘ಅಯ್ಯೋ’ ಅನ್ನುತ್ತಾರೆ, ಅನ್ನಲಿ. ಆಮೇಲೆ ಒದ್ದೆ ಸ್ಪಂಜು, ಅದರ ಹಿಂದೆಯೇ ಶಾಯಿಯ ರೋಲರ್. ಶಾಯಿ ಎಣ್ಣೆಯದೇ ಆಗಬೇಕು. ಊರಿನ ಆಫ್‌ಸೆಟ್ ಪ್ರೆಸ್ಸಿನಲ್ಲಿ ಶಾಲೆಗೆಂದು ಕೇಳಿದರೆ ಒಂದು ಚಮಚ ಕೊಡುತ್ತಾರೆ, ಇಡೀ ತರಗತಿಗೆ ಅಷ್ಟು ಸಾಕು. ಕಾಗದ ಇಟ್ಟು ಲಟ್ಟಣಿಗೆಯನ್ನೋ ಚಮಚದ ಬೆನ್ನನ್ನೋ ಒತ್ತಿ ಉಜ್ಜಿ. ಹಾಳೆ ಹತ್ತಾರು ಅಚ್ಚಿಗೇ ಸವೆಯುತ್ತದೆ, ಆದ್ದರಿಂದ ಒಬ್ಬೊಬ್ಬರಿಗೆ ಐದು ಪ್ರತಿ ಎಂದು ಮೊದಲೇ ಹೇಳಿಬಿಡಿ.

ಎರಡನೇ ಬಣ್ಣ ಬೇಕು ಎನ್ನುವ ಮಕ್ಕಳು ಇದ್ದೇ ಇರುತ್ತಾರೆ. ಅವರಿಗೆ ಎರಡನೇ ತಗಡು ಕೊಡಿ, ಮೊದಲ ಚಿತ್ರದ ಮೇಲೆ ಚುಕ್ಕಿ, ಪಟ್ಟೆ, ಎಲೆ ಮಾತ್ರ ಬರೆಯಲಿ. ಸ್ವಲ್ಪ ಅತ್ತಿತ್ತ ಕೂತರೆ ಇನ್ನೂ ಚೆಂದ. ಮತ್ತೆ, ಬರೆದದ್ದೆಲ್ಲ ಉಲ್ಟಾ ಬರುತ್ತದೆ ಎಂದು ಎಷ್ಟು ಸಲ ಎಚ್ಚರಿಸಿದರೂ ಹೆಸರನ್ನು ನೇರವಾಗಿಯೇ ಬರೆದಿರುತ್ತಾರೆ. ತಿದ್ದಲು ಹೋಗಬೇಡಿ, ಮನೆಗೆ ಹೋಗಿ ಕನ್ನಡಿಗೆ ಹಿಡಿದು ಓದಿಕೊಳ್ಳಲಿ.